ಟಿಎನ್, ವಿಎ, ಐಪಿಎಸ್: ಮೂರು ಮಾನಿಟರ್ ಕೊಂಡ ಮೇಲೆ ಗೊತ್ತಾಗಿದ್ದು

ದಾವಣಗೆರೆಯಲ್ಲಿ ನನ್ನದೊಂದು ಚಿಕ್ಕ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಫ್ಲೆಕ್ಸು, ಚುನಾವಣೆ ಬಂದರೆ ಕರಪತ್ರ. ದಿನಕ್ಕೆ ಹತ್ತು ಗಂಟೆ ಪರದೆ ಮುಂದೆಯೇ ಕೂತಿರುತ್ತೇನೆ. 2017ರಿಂದ ಈಚೆಗೆ ಮೂರು ಮಾನಿಟರ್ ಕೊಂಡೆ, ಮೂರರ ಪ್ಯಾನೆಲ್ಲೂ (ಚಿತ್ರ ಮೂಡುವ ಹಲಗೆ) ಬೇರೆ ಬೇರೆ. ಲೆಕ್ಕ ಹಾಕಿ ಹಾಗೆ ಕೊಂಡಿದ್ದಲ್ಲ, ಪೆಟ್ಟು ತಿಂದು ಹಾಗಾಯಿತು.

ಮೊದಲನೆಯದು 22 ಇಂಚಿನದು, 7,000 ರೂಪಾಯಿ. ಡಬ್ಬದ ಮೇಲೆ ಎಲ್‌ಇಡಿ ಅಂತ ದಪ್ಪಕ್ಷರದಲ್ಲಿತ್ತು, ಅಷ್ಟಕ್ಕೇ ಖುಷಿಪಟ್ಟು ತಂದೆ. ಎಲ್‌ಇಡಿ ಅನ್ನುವುದು ಹಿಂದಿನಿಂದ ಬೀಳುವ ಬೆಳಕು ಅಷ್ಟೇ, ಮುಂದೆ ಚಿತ್ರ ಮೂಡಿಸುವುದು ಎಲ್‌ಸಿಡಿ, ಅದರಲ್ಲಿ ಟಿಎನ್, ವಿಎ, ಐಪಿಎಸ್ ಅಂತ ಜಾತಿಗಳಿವೆ ಅಂತ ಆಮೇಲೆ ತಿಳಿಯಿತು. ನನ್ನದು ಟಿಎನ್. ಕೂತು ನೋಡುವಾಗ ಏನೂ ತೊಂದರೆ ಇರಲಿಲ್ಲ. ಆದರೆ ನಮ್ಮ ಕೆಲಸದಲ್ಲಿ ಗಿರಾಕಿ ಕೂರುವುದಿಲ್ಲ, ನನ್ನ ಕುರ್ಚಿ ಹಿಂದೆ ನಿಂತು ಮೇಲಿನಿಂದ ನೋಡುತ್ತಾರೆ. "ಅಣ್ಣಾ, ಈ ಕೆಂಪು ಯಾಕೋ ಪೇಲವ ಆಯ್ತಲ್ಲ, ಸ್ವಲ್ಪ ಗಾಢ ಮಾಡಿ" ಅನ್ನುತ್ತಿದ್ದರು. ನಾನು ಮಾಡುತ್ತಿದ್ದೆ. ಅಚ್ಚಾಗಿ ಬಂದ ಮೇಲೆ ನೋಡಿದರೆ ಕುಂಕುಮದ ಕೆಂಪು ಹೋಗಿ ಇಟ್ಟಿಗೆ ಬಣ್ಣ! ಟಿಎನ್‌ನಲ್ಲಿ ಮೇಲೆ ಕೆಳಗೆ ನೋಡುವ ಕೋನ ಬದಲಾದರೆ ಬಣ್ಣವೂ ಬದಲಾಗುತ್ತದೆ. ಒಂದು ಸಲ 500 ಲಗ್ನಪತ್ರಿಕೆ ನನ್ನ ಕೈಯಿಂದ ದುಡ್ಡು ಹಾಕಿ ಮತ್ತೆ ಮುದ್ರಿಸಿಕೊಟ್ಟೆ. ಮಾನಿಟರ್‌ನಲ್ಲಿ ಉಳಿಸಿದ್ದೆಲ್ಲ ಅಲ್ಲೇ ಹೋಯಿತು. (ಪರದೆಯ ಬಣ್ಣ ಮತ್ತು ಅಚ್ಚಿನ ಬಣ್ಣ ಯಾವ ಮಾನಿಟರ್‌ನಲ್ಲೂ ಪೂರ್ತಿ ಒಂದೇ ಆಗುವುದಿಲ್ಲ, ಅದು ಬೇರೆ ಮಾತು.)

2020ರಲ್ಲಿ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ 11,500ಕ್ಕೆ 24 ಇಂಚಿನ ಬಾಗಿದ ಪರದೆ ತಂದೆ. ಅದು ವಿಎ. ಕಪ್ಪು ಅಂದರೆ ನಿಜವಾಗಿಯೂ ಕಪ್ಪು, ದೀಪ ಆರಿಸಿ ಸಿನಿಮಾ ಹಾಕಿದರೆ ಕಣ್ಣು ಕೀಳಲಾಗುವುದಿಲ್ಲ. ಸಾಮಾನ್ಯ ಐಪಿಎಸ್‌ನ ಕಾಂಟ್ರಾಸ್ಟ್ (ಅತಿ ಬಿಳಿಗೂ ಅತಿ ಕಪ್ಪಿಗೂ ಇರುವ ಬೆಳಕಿನ ವ್ಯತ್ಯಾಸ) 1000:1 ಇದ್ದರೆ ಇದರದ್ದು 3000:1. ಕಿರಿಕಿರಿ ಬೇರೆ ಕಡೆ ಇತ್ತು. ನನಗೆ ಕಪ್ಪು ಹಿನ್ನೆಲೆಯಲ್ಲಿ ಟೈಪ್ ಮಾಡುವ ಅಭ್ಯಾಸ, ಪುಟ ಸರಿಸಿದಾಗಲೆಲ್ಲ ಅಕ್ಷರಗಳ ಹಿಂದೆ ಮಸಿ ಎಳೆದ ಹಾಗೆ ನೆರಳು ಬರುತ್ತಿತ್ತು. ಕಡುಬಣ್ಣದಿಂದ ತಿಳಿಬಣ್ಣಕ್ಕೆ ಬದಲಾಗಲು ವಿಎ ಪ್ಯಾನೆಲ್ ಸ್ವಲ್ಪ ತಡ ಮಾಡುತ್ತದೆ, ಡಬ್ಬದ ಮೇಲೆ 1 ಎಂಎಸ್ (ಬಣ್ಣ ಬದಲಾಗಲು ಸೆಕೆಂಡಿನ ಸಾವಿರದಲ್ಲೊಂದು ಭಾಗ ಸಾಕು) ಅಂತ ಬರೆದಿದ್ದರೂ ಅಷ್ಟೆ. ಇನ್ನು ಬಾಗಿದ ಪರದೆಯಲ್ಲಿ ಕಾರ್ಡಿನ ಬಾರ್ಡರ್ ನೇರ ಇದೆಯಾ ಸೊಟ್ಟ ಇದೆಯಾ ಅಂತ ನನಗೇ ಅನುಮಾನ ಬರುತ್ತಿತ್ತು.

2022ರ ಕೊನೆಗೆ ಐಪಿಎಸ್ ಕೊಂಡೆ. 27 ಇಂಚು, 2560×1440 ಪಿಕ್ಸೆಲ್ (ಚಿತ್ರ ಮೂಡಿಸುವ ಚುಕ್ಕೆ), ಎಸ್‌ಆರ್‌ಜಿಬಿ 99% (ಪರದೆಯ ಬಣ್ಣಗಳಿಗೆ ಗೊತ್ತುಮಾಡಿದ ಮಟ್ಟದಲ್ಲಿ ನೂರಕ್ಕೆ 99 ತೋರಿಸುತ್ತದೆ ಅಂತ), ಬೆಲೆ 19,500. ಅದೇ 27 ಇಂಚು 1920×1080ರಲ್ಲಿ ಸುಮಾರು ಆರು ಸಾವಿರ ಕಮ್ಮಿಗೆ ಸಿಗುತ್ತಿತ್ತು, ಕೈ ಅತ್ತ ಹೋಗಿತ್ತು ಕೂಡ. ಅಂಗಡಿಯವನಿಗೆ ಹೇಳಿ ಎರಡರಲ್ಲೂ ಒಂದು ಕನ್ನಡ ಪುಟ ತೆರೆಸಿದೆ. ಕಮ್ಮಿ ಬೆಲೆಯದರಲ್ಲಿ ಇಂಚಿಗೆ 82 ಪಿಕ್ಸೆಲ್, ಇದರಲ್ಲಿ 109. ಇಂಗ್ಲಿಷ್ ಅಕ್ಷರದಲ್ಲಿ ವ್ಯತ್ಯಾಸ ಅಷ್ಟಾಗಿ ಕಾಣಲಿಲ್ಲ. ನಮ್ಮ ಒತ್ತಕ್ಷರದಲ್ಲಿ ಕಂಡಿತು ನೋಡಿ. "ಸ್ತ್ರೀ", "ಲಕ್ಷ್ಮೀ" ಇಂಥವು 82ರಲ್ಲಿ ಕೆಳಗೆ ಒಂದು ಗಂಟಿನ ಹಾಗೆ ಕಾಣುತ್ತಿದ್ದವು, 109ರಲ್ಲಿ ಎಲ್ಲ ಬಿಡಿಬಿಡಿಯಾಗಿ ಸ್ಪಷ್ಟ. ಪ್ರೂಫ್ ನೋಡುವವನಿಗೆ ಆರು ಸಾವಿರ ಅದಕ್ಕೇ ಕೊಡಬಹುದು.

ಈಗ ಗಿರಾಕಿ ಎಲ್ಲಿ ನಿಂತು ನೋಡಿದರೂ ಕೆಂಪು ಕೆಂಪೇ. ಐಪಿಎಸ್‌ಗೂ ಕೊರತೆ ಇದೆ. ರಾತ್ರಿ ಕತ್ತಲಲ್ಲಿ ಕಪ್ಪು ಪರದೆ ಹಾಕಿದರೆ ಮೂಲೆಗಳಲ್ಲಿ ಮಸುಕು ಬೆಳಕು ಕಾಣುತ್ತದೆ, ಸಿನಿಮಾಗೆ ನನ್ನ ವೋಟು ಈಗಲೂ ವಿಎಗೇ. ಕೆಲಸಕ್ಕಾದರೆ ಐಪಿಎಸ್ ಬಿಟ್ಟು ಬೇರೆ ನೋಡಬೇಡಿ. ಟಿಎನ್ ಅಗ್ಗ ಅಂತ ಹಳೇ ಸ್ಟಾಕ್ ಯಾರಾದರೂ ತಳ್ಳಲು ಬಂದರೆ ಸುಮ್ನೆ ನಮಸ್ಕಾರ ಹೇಳಿ ಬಂದುಬಿಡಿ.

ಕೇಳಿದರೆ ಎಷ್ಟೋ ಅಂಗಡಿಯವರು "ಎಲ್ಲ ಎಲ್‌ಇಡಿನೇ ಸಾರ್" ಅಂತಾರೆ. ಆಗ ಡಬ್ಬದ ಮೇಲಿನ ಅಂಕಿ ಓದಿ. ನೋಡುವ ಕೋನ 170/160 (ಅಕ್ಕಪಕ್ಕ 170, ಮೇಲೆ ಕೆಳಗೆ 160 ಡಿಗ್ರಿ) ಅಂತಿದ್ದರೆ ಹೆಚ್ಚುಕಮ್ಮಿ ಟಿಎನ್. 178/178 ಇದ್ದು ಕಾಂಟ್ರಾಸ್ಟ್ 3000:1 ಇದ್ದರೆ ವಿಎ, 1000:1 ಇದ್ದರೆ ಬಹುತೇಕ ಐಪಿಎಸ್. ಅನುಮಾನ ಇದ್ದರೆ ಎದ್ದು ನಿಂತು, ಬಗ್ಗಿ, ಎರಡೂ ಕಡೆಯಿಂದ ನೋಡಿ, ಅಂಗಡಿಯವನು ನಕ್ಕರೆ ನಗಲಿ.

ಇನ್ನೊಂದು ಹೇಳಬೇಕು. ಈ ಐಪಿಎಸ್ ಮನೆಗೆ ತಂದ ಮೇಲೆ ಬಲಗಡೆ ಕೆಳಗೆ ಒಂದು ಹಸಿರು ಚುಕ್ಕೆ ಕಾಣಿಸಿತು, ಯಾವಾಗಲೂ ಉರಿಯುತ್ತಲೇ ಇರುತ್ತದೆ. ಸರ್ವಿಸ್‌ನವರಿಗೆ ಫೋನ್ ಮಾಡಿದರೆ ಒಂದೇ ಪಿಕ್ಸೆಲ್‌ಗೆ ವಾರಂಟಿ ಬರಲ್ಲ ಅಂದರು. ಅಂಗಡಿಯಲ್ಲೇ ಪೂರ್ತಿ ಕಪ್ಪು, ಪೂರ್ತಿ ಬಿಳಿ ಹಾಕಿಸಿ ನೋಡಬೇಕಿತ್ತು, ಬಸ್ಸಿಗೆ ಟೈಮಾಯ್ತು ಅಂತ ಬಿಟ್ಟೆ. ಈಗ ಗಡಿಯಾರ ತೋರಿಸುವ ಪಟ್ಟಿ ಅದರ ಮೇಲೇ ಬರುತ್ತದೆ, ಅರ್ಧಂಬರ್ಧ ಮುಚ್ಚಿಹೋಗಿದೆ.