ಅಡುಗೆಗೆ ತಂದ ಕುಸುಬೆ ಎಣ್ಣೆ ಉಗುರಿಗೂ ಬಂತು

ರಾಯಚೂರಿನ ಬಿಸಿಲು, ದಿನಾ ಪಾತ್ರೆ ತಿಕ್ಕುವ ಸೋಪು, ಎರಡೂ ಸೇರಿ ನನ್ನ ಉಗುರಿನ ಬುಡದ ಚರ್ಮ ಸಿಪ್ಪೆ ಏಳುತ್ತಿತ್ತು. ನಮ್ಮ ಓಣಿಯ ಗಾಣದ ಅಂಗಡಿಯಿಂದ ಕುಸುಬೆ ಎಣ್ಣೆ, ಔಡಲ ಎಣ್ಣೆ ತಂದೆ. ಔಡಲ ಒಂದನ್ನೇ ಹಚ್ಚಿದರೆ ಜಿಗುಟು ಜಾಸ್ತಿ, ಹೊದಿಕೆಗೆಲ್ಲಾ ಅಂಟುತ್ತದೆ. ಮೂರು ಪಾಲು ಕುಸುಬೆಗೆ ಒಂದು ಪಾಲು ಔಡಲ ಬೆರೆಸಿದ ಮೇಲೆ ಸರಿಹೋಯಿತು. ರಾತ್ರಿ ಕೈ ತೊಳೆದು, ಚರ್ಮ ಇನ್ನೂ ಸ್ವಲ್ಪ ಹಸಿ ಇರುವಾಗಲೇ ಬೆರಳಿಗೊಂದು ಹನಿ ಹಾಕಿ ತಿಕ್ಕಬೇಕು, ಯಾಕಂದ್ರೆ ಎಣ್ಣೆ ತಾನಾಗಿ ನೀರು ಕೊಡುವುದಿಲ್ಲ, ಇದ್ದ ತೇವ ಆರದಂತೆ ತಡೆಯುತ್ತದೆ ಅಷ್ಟೇ. ಎರಡು ವಾರಕ್ಕೆ ಚರ್ಮ ಮೆತ್ತಗಾಯಿತು, ನಿಜವಾಗಿ ಖುಷಿಯಾಯಿತು. ಉಗುರು ಬೇಗ ಬೆಳೆಯುತ್ತದೆ ಅಂತ ಮಾತ್ರ ಸುಮ್ನೆ ಕಾಯಬೇಡಿ, ಕೈಯುಗುರು ತಿಂಗಳಿಗೆ ಬೆಳೆಯುವುದೇ ಸುಮಾರು 3 ಮಿಲಿಮೀಟರ್. ಅಂಗಡಿಯವರ ಬಾಟಲಿ ಮುಚ್ಚಳ ಸಡಿಲ, ಮನೆಯಿಂದಲೇ ಗಾಜಿನ ಶೀಶೆ ಒಯ್ಯಿರಿ.