ಆರು ಮಳೆಗಾಲ ಕಂಡ ಮದರ್‌ಬೋರ್ಡ್: ಫ್ಯಾನ್ ಸೋತಿತು, ಹಳೆಯ ಪೋರ್ಟ್ ಉಳಿಯಿತು

ಮಡಿಕೇರಿಯಿಂದ ಮೂರ್ನಾಡಿಗೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಮುಂದಿನ ಕೋಣೆಯಲ್ಲಿ ನನ್ನ ಕಂಪ್ಯೂಟರ್, ಗೋಡೆಯಾಚೆ ಕಾಫಿ ಕೊಳ್ಳುವ ಗೋದಾಮು. 2019ರ ಡಿಸೆಂಬರ್‌ನಲ್ಲಿ ಎಕ್ಸ್570 ಚಿಪ್‌ಸೆಟ್ (ಬೋರ್ಡಿನ ಬೇರೆ ಬೇರೆ ಭಾಗಗಳನ್ನು ಪ್ರೊಸೆಸರ್‌ಗೆ ಜೋಡಿಸುವ ಚಿಪ್) ಇರುವ ಮೇಲ್ದರ್ಜೆಯ ಮದರ್‌ಬೋರ್ಡ್ ತಂದಾಗ ಒಂದೇ ಯಂತ್ರ ಎರಡೂ ಕಡೆಗೆ ದುಡಿಯಬೇಕಿತ್ತು. ಹಗಲು ತೂಕದ ಚೀಟಿ, ರಾತ್ರಿ ನನ್ನ ವಿಡಿಯೊ ಸಂಕಲನ. ಆರು ಮಳೆಗಾಲ ಕಳೆದಿವೆ. ಇಷ್ಟು ವರ್ಷ ಬಳಸಿದ ಮೇಲೆ ಹೇಳಬೇಕಾದದ್ದು ಕೊಂಡ ದಿನ ನಾನು ಮೆಚ್ಚಿದ್ದಕ್ಕಿಂತ ಬಹಳ ಬೇರೆಯಾಗಿದೆ.

ಮೊದಲು ಮೆಚ್ಚುಗೆ. ಪ್ರೊಸೆಸರ್‌ಗೆ ವಿದ್ಯುತ್ ಇಳಿಸಿ ಕೊಡುವ ವಿಆರ್‌ಎಂ ಭಾಗದ ಮೇಲಿನ ಹೀಟ್‌ಸಿಂಕ್, ಅಂದರೆ ಬಿಸಿಯನ್ನು ಗಾಳಿಗೆ ಬಿಡುವ ಲೋಹದ ತುಂಡು, ಅಪ್ಪಟ ಕೆಲಸಗಾರ. ನನ್ನ ಪ್ರೊಸೆಸರ್ 12 ಕೋರ್‌ಗಳ ರೈಜೆನ್ 9 3900ಎಕ್ಸ್. ಪೆಟ್ಟಿಗೆಯ ಮೇಲೆ 105 ವಾಟ್ ಎಂದಿದ್ದರೂ ಪೂರ್ತಿ ಹೊರೆ ಬಿದ್ದಾಗ 142 ವಾಟ್‌ವರೆಗೆ ಎಳೆಯುತ್ತದೆ. 12 ವೋಲ್ಟ್ ಅನ್ನು ಒಂದು ವೋಲ್ಟ್‌ಗಿಂತ ತುಸು ಮೇಲಿನ ಮಟ್ಟಕ್ಕೆ ಇಳಿಸುವಾಗ ಹುಟ್ಟುವ ಬಿಸಿ ಎಲ್ಲಿಗಾದರೂ ಹೋಗಲೇಬೇಕು. ನನ್ನ ಬೋರ್ಡಿನಲ್ಲಿ ತೆಳು ರೆಕ್ಕೆಗಳ ಎರಡು ಹೀಟ್‌ಸಿಂಕ್‌ಗಳನ್ನು ತಾಮ್ರದ ಹೀಟ್‌ಪೈಪ್ ಬೆಸೆದಿದೆ. ಏಪ್ರಿಲ್ ಮಧ್ಯಾಹ್ನ ಒಂದು ಗಂಟೆ ಬಿಡದೆ ವಿಡಿಯೊ ರೆಂಡರ್ ಮಾಡಿದರೂ ವಿಆರ್‌ಎಂ 62 ಡಿಗ್ರಿ ದಾಟಿದ್ದನ್ನು ನಾನು ನೋಡಿಲ್ಲ. ಕೊಳ್ಳುವವರು ಹೀಟ್‌ಸಿಂಕ್‌ನ ತೂಕಕ್ಕೆ ಮರುಳಾಗಬಾರದು. ಗಟ್ಟಿ ಲೋಹದ ದಿಮ್ಮಿ ಬಿಸಿಯನ್ನು ಹೀರಿ ಇಟ್ಟುಕೊಳ್ಳುತ್ತದೆ, ಗಾಳಿಗೆ ಬಿಟ್ಟುಕೊಡಲು ಅದಕ್ಕೆ ಮೈ ಸಾಲದು. ರೆಕ್ಕೆಗಳ ನಡುವೆ ಗಾಳಿ ಹಾಯುವಂತಿರಬೇಕು.

ಇನ್ನು ಚಿಪ್‌ಸೆಟ್‌ನ ಫ್ಯಾನ್. 2019ರ ಜುಲೈನಲ್ಲಿ ಬಂದ ಎಕ್ಸ್570 ಗ್ರಾಫಿಕ್ಸ್ ಕಾರ್ಡ್, ಎಸ್‌ಎಸ್‌ಡಿಗಳನ್ನು ವೇಗವಾಗಿ ಜೋಡಿಸುವ ಪಿಸಿಐಇ 4.0 ಸೌಲಭ್ಯವನ್ನು ಸಾಮಾನ್ಯ ಬಳಕೆದಾರರ ಕೈಗೆ ಮೊದಲು ತಂದಿತು. ಅದರ ಚಿಪ್ ಹಿಂದಿನವಕ್ಕಿಂತ ಬಹಳ ಬಿಸಿಯಾಗುತ್ತಿದ್ದುದರಿಂದ ಹೆಚ್ಚಿನ ಬೋರ್ಡುಗಳಲ್ಲಿ ಪುಟ್ಟ ಫ್ಯಾನ್ ಕೂರಿಸಿದರು. 2005ರ ಸುಮಾರಿನ ಎನ್‌ಫೋರ್ಸ್4 ಚಿಪ್‌ಸೆಟ್‌ನ ಬೋರ್ಡುಗಳನ್ನು ಬಳಸಿದ್ದವರಿಗೆ ಆಗಲೇ ಎದೆ ಧಸಕ್ಕೆಂದಿತ್ತು. ಆ ಕಾಲದ ಚಿಕ್ಕ ಫ್ಯಾನುಗಳು ಒರಲಿ ಒರಲಿ ನಿಂತದ್ದನ್ನು ನಾವು ಮರೆತಿರಲಿಲ್ಲ.

ನನ್ನ ಫ್ಯಾನಿನ ಕಾಟ 2023ರ ಕಕ್ಕಡದಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕೊಡವ ತಿಂಗಳು) ಶುರುವಾಯಿತು. ಹೊರಗೆ ಎಂಟು ದಿನದಿಂದ ಜಡಿಮಳೆ, ಒಳಗೆ ಪೆಟ್ಟಿಗೆಯಿಂದ ಜೀರುಂಡೆಯಂಥ ಸದ್ದು. ಗ್ರಾಫಿಕ್ಸ್ ಕಾರ್ಡ್ ಕಳಚಿದ ಮೇಲಷ್ಟೇ ಆ ಫ್ಯಾನ್ ಕೈಗೆ ಸಿಕ್ಕಿತು, ಅದನ್ನು ಕಾರ್ಡಿನ ನೇರ ಕೆಳಗೆ ಕೂರಿಸಿದ್ದರು. ಮುಚ್ಚಳದ ನಾಲ್ಕು ಸ್ಕ್ರೂ ಬಿಚ್ಚಿದೆ. ಬ್ಲೇಡ್‌ಗಳ ಮೇಲೆ ಒಣ ಧೂಳಿರಲಿಲ್ಲ. ತೇವ ಹೀರಿ ಕಲಸಿದ ರಾಗಿ ಹಿಟ್ಟಿನಂತೆ ಗಟ್ಟಿಯಾದ ಬೂದು ಪದರವಿತ್ತು, ಅಂಚಿನಲ್ಲಿ ಬೂಷ್ಟು. ಬೆರಳಲ್ಲಿ ತಿರುಗಿಸಿದರೆ ಅರ್ಧ ಸುತ್ತಿಗೇ ತಡೆಯುತ್ತಿತ್ತು. ಕನೆಕ್ಟರ್ ಪೇಟೆಯಲ್ಲಿ ಸಿಗುವ ಅಳತೆಯದಲ್ಲ. ಹೊಂದುವ ಫ್ಯಾನ್ ತರಿಸಲು ಏಳು ವಾರ ಹಿಡಿಯಿತು. ಅಲ್ಲಿಯವರೆಗೆ ಪೆಟ್ಟಿಗೆಯ ತಳದಲ್ಲಿ 120 ಮಿ.ಮೀ.ನ ಫ್ಯಾನ್ ಒಂದನ್ನು ನಿಧಾನಕ್ಕೆ ಓಡಿಸಿ ದಿನ ದೂಡಿದೆ. ಆ ಏಳು ವಾರದಲ್ಲೂ ಚಿಪ್‌ಸೆಟ್ 70 ಡಿಗ್ರಿ ಮೀರಲಿಲ್ಲ ಎನ್ನುವುದು ನನಗೆ ಈಗಲೂ ಸಿಟ್ಟು ತರಿಸುತ್ತದೆ. ಕೊಂಚ ದೊಡ್ಡ ಲೋಹದ ತುಂಡು ಇಟ್ಟಿದ್ದರೆ ಆ ಫ್ಯಾನೇ ಬೇಕಿರಲಿಲ್ಲ! 2021ರಲ್ಲಿ ಎಕ್ಸ್570ಎಸ್ ಎಂಬ ಹೆಸರಿನಲ್ಲಿ ಫ್ಯಾನ್ ಇಲ್ಲದ ಬೋರ್ಡುಗಳು ಬಂದದ್ದೂ ಅದನ್ನೇ ಹೇಳುತ್ತದೆ.

ನಮ್ಮ ಊರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೋರ್ಡನ್ನು ಕಾಡುವುದು ತೇವ. ಯಂತ್ರ ಓಡುತ್ತಿದ್ದರೆ ಅದರ ಬಿಸಿಯೇ ಅದನ್ನು ಒಣಗಿಸುತ್ತದೆ. ಆದ್ದರಿಂದ ಕೆಲಸವಿಲ್ಲದ ದಿನವೂ ಒಂದೆರಡು ಗಂಟೆ ಓಡಿಸುತ್ತೇನೆ.

ಈಗ ನನಗೆ ಅತಿ ಪ್ರಿಯವಾದ ವಿಷಯ. ಬೋರ್ಡಿನ ಕೆಳಅಂಚಿನಲ್ಲಿ ‘ಕಾಮ್’ ಎಂದು ಬರೆದ ಒಂಬತ್ತು ಕಾಲುಗಳ ಹೆಡರ್ (ಕೇಬಲ್ ಸಿಕ್ಕಿಸುವ ಸೂಜಿಗಳ ಸಾಲು) ಇದೆ, ಅಂದರೆ ಮಾಹಿತಿಯನ್ನು ಒಂದೊಂದೇ ಬಿಟ್ ಆಗಿ ಸಾಗಿಸುವ ಆರ್‌ಎಸ್-232 ಸೀರಿಯಲ್ ಪೋರ್ಟ್. 1960ರಲ್ಲಿ ಹುಟ್ಟಿದ ಮಾನದಂಡ. ಗೋದಾಮಿನ ಎಲೆಕ್ಟ್ರಾನಿಕ್ ತಕ್ಕಡಿಗೆ ಬರುವುದು ಇದೊಂದೇ ಭಾಷೆ. ಮೊದಲು ಯುಎಸ್‌ಬಿ ಪರಿವರ್ತಕ ಹಾಕಿದ್ದೆ. ಬೇರೆ ರಂಧ್ರಕ್ಕೆ ಚುಚ್ಚಿದರೆ ಪೋರ್ಟಿನ ಸಂಖ್ಯೆ ಬದಲಾಗುತ್ತಿತ್ತು. ನಮ್ಮ ಹಳೆಯ ಬಿಲ್ಲಿಂಗ್ ತಂತ್ರಾಂಶಕ್ಕೆ 1 ಅಥವಾ 2 ಮಾತ್ರ ಗೊತ್ತು. ರೋಬಸ್ಟಾ ಚೆರಿ ಬರುವ ಫೆಬ್ರವರಿಯಲ್ಲಿ, ಹೊರಗೆ ಜೀಪುಗಳು ಸಾಲಾಗಿ ನಿಂತಿರುವಾಗ ಗೋದಾಮಿನಿಂದ ತಮ್ಮ ಕೂಗುತ್ತಿದ್ದ: “ಅಣ್ಣಾ, ಮತ್ತೆ ತೂಕ ಬರುತ್ತಿಲ್ಲ!”

ಕೊನೆಗೆ ಹೆಡರ್‌ನಿಂದ ಪೆಟ್ಟಿಗೆಯ ಹಿಂಬದಿಗೆ ಪೋರ್ಟ್ ತರುವ ಬ್ರಾಕೆಟ್ ಕೇಬಲ್ ತಂದು ಜೋಡಿಸಿದೆ. ಆಗಲೂ ತೂಕ ಬರಲಿಲ್ಲ. ಮಲ್ಟಿಮೀಟರ್ ಹಿಡಿದು ಒಂದೊಂದೇ ಕಾಲು ಪರೀಕ್ಷಿಸಿದಾಗ ಗುಟ್ಟು ಬಯಲಾಯಿತು: ಹೊರಗಿನ ಪೋರ್ಟಿನ 5ನೇ ಕಾಲಿಗೆ ಬರಬೇಕಾದ ಗ್ರೌಂಡ್ (ಸೊನ್ನೆ ವೋಲ್ಟ್‌ನ ತಂತಿ) 3ಕ್ಕೆ ಬಂದಿತ್ತು. ಈ ಕೇಬಲ್‌ಗಳಲ್ಲಿ ಎರಡು ಬಗೆ. ಹೊರಗಿನಿಂದ ಎರಡೂ ಒಂದೇ, ಒಳಗೆ ತಂತಿಗಳ ಕ್ರಮ ಬೇರೆ. ಇನ್ನೊಂದು ಬಗೆಯದನ್ನು ತಂದು ಹಾಕಿದ ದಿನದಿಂದ ಒಂದು ಚೀಟಿಯೂ ತಪ್ಪಿಲ್ಲ. ತಕ್ಕಡಿವರೆಗೆ 11 ಮೀಟರ್ ಕೇಬಲ್ ಎಳೆದಿದ್ದೇನೆ. ಸಿಡಿಲಿನ ಏಪ್ರಿಲ್‌, ಮೇ ಸಂಜೆಗಳಲ್ಲಿ ಅದನ್ನು ಕಳಚಿಡುವುದೊಂದೇ ನಿಯಮ.

ಹಿಂಬದಿಯಲ್ಲಿ ಪಿಎಸ್/2 ಕೀಬೋರ್ಡ್ ಪೋರ್ಟ್ (ಯುಎಸ್‌ಬಿಗೆ ಮುಂಚಿನ ಕಾಲದ ದುಂಡು ಪೋರ್ಟ್) ಕೂಡ ಇದೆ. ಯುಎಸ್‌ಬಿ ಚಾಲಕ ಕೈಕೊಟ್ಟ ಒಂದು ರಾತ್ರಿ ಹಳೆಯ ಕೀಬೋರ್ಡ್ ಹಾಕಿ ಯಂತ್ರವನ್ನು ದಾರಿಗೆ ತಂದೆ. ಆದರೆ ಅದನ್ನು ಯಂತ್ರ ಆರಿಸಿಯೇ ಸಿಕ್ಕಿಸಬೇಕು. ಬಣ್ಣದ ದೀಪಗಳನ್ನು ಮೊದಲ ವಾರವೇ ಆರಿಸಿಬಿಟ್ಟೆ.

ಐದರಲ್ಲಿ ಮೂರೂವರೆ ನಕ್ಷತ್ರ. ಒಂದೂವರೆ ಕಳೆದದ್ದು ಆ ಫ್ಯಾನ್‌ಗಾಗಿ. ಇಂಥ ಬೋರ್ಡ್ ಹುಡುಕುತ್ತಿರುವವರು ಅಂಗಡಿಗೆ ಹೋಗುವ ಮುನ್ನ ತಯಾರಕರ ಜಾಲತಾಣದಿಂದ ಕೈಪಿಡಿ ಇಳಿಸಿಕೊಂಡು ಹೆಡರ್‌ಗಳ ನಕ್ಷೆಯ ಪುಟ ತೆರೆಯಿರಿ. ಕಾಮ್ ಹೆಡರ್ ಇದೆಯೇ, ಅದರ 5ನೇ ಕಾಲಿನ ಮುಂದೆ ಗ್ರೌಂಡ್ ಎಂದು ಬರೆದಿದೆಯೇ ನೋಡಿ. ಆ ಪುಟದ ಮುದ್ರಿತ ಪ್ರತಿಯನ್ನು ಕೇಬಲ್ ಕೊಳ್ಳುವಾಗಲೂ ಜೊತೆಗೆ ಒಯ್ಯಿರಿ.