ಜಾಂಬೋಟಿ ರಾಡಿಯಲ್ಲಿ ಜಿಪ್ಸಿ, ಜಿಮ್ನಿ, ಥಾರ್

ಬೆಳಗಾವಿ ಕ್ಯಾಂಪ್‌ನಲ್ಲಿ ಬೆಳೆದ ನನಗೆ ಮಾರುತಿ ಜಿಪ್ಸಿ ಅಂದ್ರೆ ಮೊದಲು ಮಿಲಿಟರಿ ಗಾಡಿ. ಮರಾಠಾ ಲೈಟ್ ಇನ್‌ಫೆಂಟ್ರಿ ಸೆಂಟರ್ ಇರುವ ಊರಲ್ವಾ, ಶಾಲೆಗೆ ಹೋಗುವಾಗ ದಿನಾ ಕಾಣುತ್ತಿತ್ತು. ಅದೇ ಗಾಡಿ ರೇಡ್ ದ ಹಿಮಾಲಯ ರ‍್ಯಾಲಿಯಲ್ಲಿ ಕಲ್ಲು ಹಾರಿಸುತ್ತಾ ಓಡುವ ಫೋಟೋ ನೋಡಿದ ಮೇಲೆ ಅದರ ಹುಚ್ಚು ಹತ್ತಿತು.

1985ರಲ್ಲಿ ಬಂದ ಜಿಪ್ಸಿ 2019ರ ಹೊತ್ತಿಗೆ ಶೋರೂಮಿನಿಂದ ಮರೆಯಾಯಿತು. ಏರ್‌ಬ್ಯಾಗ್ ಇಲ್ಲ, ಬ್ರೇಕ್ ಒತ್ತಿದಾಗ ಗಾಲಿ ಜಾಮ್ ಆಗದಂತೆ ತಡೆಯುವ ಎಬಿಎಸ್ ಇಲ್ಲ. ಹೊಸ ಸುರಕ್ಷತಾ ನಿಯಮಗಳಿಗೆ ಅದು ಹೊಂದುತ್ತಿರಲಿಲ್ಲ. 2023ರ ಜೂನ್‌ನಲ್ಲಿ ಮಾರುತಿಯದೇ ಐದು ಬಾಗಿಲಿನ ಜಿಮ್ನಿ ಬಂದಾಗ ಜಿಪ್ಸಿಯೇ ವಾಪಸ್ ಬಂತು ಎಂದು ನಾವೆಲ್ಲ ಕುಣಿದೆವು. ನಿಜವಾಗಿ ಬಂದಿದೆಯಾ? ಅದನ್ನು ನೋಡಲೆಂದೇ ಜುಲೈ ಮಳೆಯಲ್ಲಿ ಮೂರು ಗಾಡಿ ತಗೊಂಡು ಖಾನಾಪುರ ತಾಲೂಕಿನ ಜಾಂಬೋಟಿ ಕಡೆ ಹೊರಟೆವು. ಕಾಕಾನ 2004ರ ಜಿಪ್ಸಿ ಕಿಂಗ್, ತಮ್ಮನ ಮ್ಯಾನುಯಲ್ ಜಿಮ್ನಿ, ಗೆಳೆಯನ ಪೆಟ್ರೋಲ್ ಮಹೀಂದ್ರ ಥಾರ್. ಥಾರ್ ಕೂಡ ಹಳೇ ಜೀಪಿನ ಹೊಸ ಜನ್ಮವೇ, ಅದಕ್ಕೇ ಸೇರಿಸಿಕೊಂಡೆ.

ಹೆದ್ದಾರಿ ಮಾತು ಬೇಗ ಮುಗಿಸುತ್ತೇನೆ. ಧಾರವಾಡದ ಕಡೆ ಒಂದು ಸುತ್ತು ಹೋಗಿ ಬಂದೆವು. ಅಲ್ಲಿ ಥಾರ್ ರಾಜ. 150 ಪಿಎಸ್ (ಹೆಚ್ಚೂಕಮ್ಮಿ ಎಚ್‌ಪಿಯಷ್ಟೇ) ಟರ್ಬೊ ಎಂಜಿನ್, ಲಾರಿ ದಾಟುವುದು ಅದಕ್ಕೆ ಏನೂ ಅಲ್ಲ. ಜಿಮ್ನಿಯ 105 ಪಿಎಸ್ ಸಾಕಾಗುತ್ತದೆ, ಆದರೆ ಐದೇ ಗೇರು, ನೂರರ ಮೇಲೆ ಎಂಜಿನ್ ಸದ್ದು ಜಾಸ್ತಿ. ಜಿಪ್ಸಿಯಲ್ಲಿ ಎಂಬತ್ತು ದಾಟಿದರೆ ಪಕ್ಕದವರ ಮಾತೇ ಕೇಳಿಸುವುದಿಲ್ಲ.

ನಿಜವಾದ ಪರೀಕ್ಷೆ ನಡೆದದ್ದು ಜಾಂಬೋಟಿ ದಾಟಿದ ಮೇಲೆ, ಕಣಕುಂಬಿಗೆ ಮುಂಚೆ ಗದ್ದೆಗಳ ನಡುವೆ ಇಳಿಯುವ ಒಂದು ಚಕ್ಕಡಿ ದಾರಿಯಲ್ಲಿ. ಮಲಪ್ರಭಾ ಹುಟ್ಟುವ ಸೀಮೆ ಅದು. ಮಳೆ ಬಿಡುವುದೇ ಇಲ್ಲ. ಟ್ರ್ಯಾಕ್ಟರ್ ಗಾಲಿ ಕೊರೆದ ಎರಡು ತಗ್ಗು, ಅದರ ತುಂಬ ಕೆಂಪು ರಾಡಿ, ಕೊನೆಗೆ ಒಂದು ಗಿಡ್ಡ ಏರು.

ಮೊದಲು ಜಿಪ್ಸಿ. 1.3 ಲೀಟರ್, 80 ಎಚ್‌ಪಿ, ಪವರ್ ಸ್ಟೀರಿಂಗ್ ಇಲ್ಲ. ನಾನು ಹಗ್ಗ ತೆಗೆದಿಟ್ಟೆ. ಕಾಕಾ ನಕ್ಕರು: "ಹಗ್ಗ ಯಾಕೋ ತಮ್ಮಾ? ಫೋರ್ ಲೋ ಹಾಕು, ಎರಡನೇ ಗೇರಿನ್ಯಾಗ ಬಿಡು, ಕಾಲು ತೆಗೀಬ್ಯಾಡ." ಫೋರ್ ಲೋ ಅಂದ್ರೆ ನಾಲ್ಕೂ ಗಾಲಿಗೆ ನಿಧಾನದ, ಹೆಚ್ಚು ಬಲದ ಗೇರು. ಹಾಗೇ ಮಾಡಿದೆ. ಲೀವರ್ ಅಂಗೈಯಲ್ಲಿ ನಡುಗುತ್ತಿತ್ತು. ಒಂದು ಟನ್ ಆಸುಪಾಸಿನ ಗಾಡಿ, ರಾಡಿಯಲ್ಲಿ ಹೂಳಲೇ ಇಲ್ಲ, ಮೇಲೆಮೇಲೆ ತೇಲಿಕೊಂಡು ಹೋಯಿತು. ಏರಿನಲ್ಲಿ ಮಾತ್ರ ಒಂದು ಗಾಲಿ ಗಾಳಿಯಲ್ಲಿ ಎದ್ದು ಸುಮ್ನೆ ತಿರುಗತೊಡಗಿತು. ಹಿಂದೆ ಬಂದು, ಇನ್ನಷ್ಟು ಓಟ ಕೊಟ್ಟು ಹತ್ತಿಸಬೇಕಾಯಿತು. ಉಕ್ಕಿನ ಪಟ್ಟಿಗಳ ಲೀಫ್ ಸ್ಪ್ರಿಂಗ್ ಕೊಟ್ಟ ಪೆಟ್ಟು ಸೊಂಟಕ್ಕೆ ಎರಡು ದಿನ ನೆನಪಿತ್ತು.

ಅದೇ ಏರು, ಅದೇ ಜಾಗ, ಜಿಮ್ನಿಯ ಗಾಲಿಯೂ ಎದ್ದಿತು. ನಾನು ಆಕ್ಸಿಲರೇಟರ್ ಒತ್ತಿ ಹಿಡಿದೆ. ಕೆಳಗಿನಿಂದ ಕಟಕಟ ಸದ್ದು ಬಂತು. ಸುಮ್ಮನೆ ತಿರುಗುವ ಗಾಲಿಗೆ ಗಾಡಿ ತಾನೇ ಬ್ರೇಕ್ ಹಾಕಿ, ನೆಲ ಕಚ್ಚಿದ ಗಾಲಿಗೆ ಬಲ ಕಳಿಸುತ್ತದೆ. ಒಂದು ಕ್ಷಣ ತಡೆದು, ಆಮೇಲೆ ಮೆಲ್ಲಗೆ ಹತ್ತಿಬಿಟ್ಟಿತು. ಓಟ ಬೇಕಾಗಲೇ ಇಲ್ಲ. ನನಗೆ ಮೈ ಜುಮ್ಮೆಂದಿತು. ಯಾಕಂದ್ರೆ ಕೆಳಗೆ ಇರುವುದು ಜಿಪ್ಸಿಯ ಮೂಳೆಯೇ: ಏಣಿಯಂಥ ಲ್ಯಾಡರ್ ಫ್ರೇಮ್, ಮುಂದೆ ಹಿಂದೆ ಎರಡೂ ಕಡೆ ಎರಡು ಗಾಲಿ ಜೋಡಿಸುವ ಒಂದೇ ಗಟ್ಟಿ ಆಕ್ಸಲ್, ಕೈಯಲ್ಲಿ ಹಾಕುವ ಲೋ ರೇಂಜ್ (ಫೋರ್ ಲೋ) ಲೀವರ್. ಲೀಫ್ ಹೋಗಿ ಸುರುಳಿಯ ಕಾಯಿಲ್ ಸ್ಪ್ರಿಂಗ್ ಬಂದಿದೆ, ಆರು ಏರ್‌ಬ್ಯಾಗ್ ಬಂದಿವೆ. ತೂಕ ಏರಿದೆ, ಆದರೂ ಸುಮಾರು 1200 ಕೆಜಿಗೆ ನಿಂತಿದೆ.

ಥಾರ್ ತಗ್ಗಿನ ನಡುವೆ ಹೂತು ನಿಂತಿತು. ತಪ್ಪು ನನ್ನದು. ಸುಮಾರು 1700 ಕೆಜಿ ಗಾಡಿಯನ್ನು, ಸವೆದ ರೋಡ್ ಟೈರಿನಲ್ಲಿ, ಅಷ್ಟು ಮೆತ್ತನೆ ನೆಲಕ್ಕೆ ಇಳಿಸಬಾರದಿತ್ತು. ಹಗ್ಗ ಅಲ್ಲಿ ಕೆಲಸಕ್ಕೆ ಬಂತು. ಎಳೆದದ್ದು ಜಿಪ್ಸಿ! ಮುಂದೆ ಗಟ್ಟಿ ಕಲ್ಲಿನ ಹಳ್ಳ ಬಂದಾಗ ಥಾರ್‌ನ ನೆಲದಿಂದ ತಳಕ್ಕಿರುವ 226 ಮಿಮೀ ಎತ್ತರ, 300 ಎನ್‌ಎಂ ಟಾರ್ಕ್ ಅನ್ನುವ ತಿರುಗುಬಲ ಎರಡೂ ಕೈಹಿಡಿದವು, ನೀರು ಸೀಳಿಕೊಂಡು ಮೊದಲು ದಾಟಿದ್ದು ಅದೇ. ಆದರೆ ಮುಂದಿನ ಸಸ್ಪೆನ್ಷನ್ ಈಗ ಇಂಡಿಪೆಂಡೆಂಟ್, ಅಂದ್ರೆ ಎರಡು ಗಾಲಿ ಬೇರೆ ಬೇರೆಯಾಗಿ ಏರಿಳಿಯುತ್ತವೆ. ಮುಖ ಹಳೇ ಜೀಪಿನದು, ಓಡಿಸುವ ಅನುಭವ ಪೂರ್ತಿ ಹೊಸದು. ಮನೆಗೆ ಒಂದೇ ಗಾಡಿ, ಊರೂರು ಸುತ್ತಬೇಕು ಅನ್ನುವವರಿಗೆ ಅದು ಹೆಚ್ಚು ಹೊಂದುತ್ತದೆ.

ಪೆಟ್ರೋಲ್ ಲೆಕ್ಕವನ್ನೂ ಹೇಳಬೇಕಲ್ಲ. ಆ ದಿನ ನಮಗೆ ಸಿಕ್ಕಿದ್ದು ಲೀಟರಿಗೆ ಜಿಮ್ನಿ 13 ಕಿಮೀ, ಜಿಪ್ಸಿ 10, ಥಾರ್ 9.

ಜಿಮ್ನಿ ಬಂದಾಗ ಬೆಲೆ 12.74 ಲಕ್ಷದಿಂದ ಶುರುವಾಗಿತ್ತು. ಇಷ್ಟು ಚಿಕ್ಕ ಗಾಡಿಗೆ ಇಷ್ಟಾ ಎಂದು ನಮ್ಮಲ್ಲಿ ಬಹಳ ಜನ ಹಿಂದೆ ಸರಿದರು. ಇಲ್ಲೇ ತಯಾರಾಗುವ ಅದೇ ಐದು ಬಾಗಿಲ ಗಾಡಿ 2025ರಲ್ಲಿ ನೊಮೇಡ್ ಹೆಸರಲ್ಲಿ ಜಪಾನಿಗೆ ಹೋದಾಗ ಕೆಲವೇ ದಿನಗಳಲ್ಲಿ 50,000 ಬುಕಿಂಗ್ ಆಗಿ, ಆರ್ಡರ್ ತಗೊಳ್ಳುವುದನ್ನೇ ನಿಲ್ಲಿಸಬೇಕಾಯಿತು. ಇದನ್ನು ಓದಿದಾಗ ನನಗೆ ಸಂಕಟವಾಯಿತು. ನಾವು ಬೇಡಿ ಬೇಡಿ ತರಿಸಿಕೊಂಡ ಗಾಡಿ ಅದು.

ಜಿಮ್ನಿಯಲ್ಲಿ ನನಗೆ ಕೊರತೆ ಅನಿಸಿದ್ದು ಒಂದೇ. ಜಿಪ್ಸಿಯ ಬಟ್ಟೆ ಹುಡ್ ಬಿಚ್ಚಿ ಚೋರ್ಲಾ ಘಾಟ್‌ನ ಮಂಜಿನೊಳಗೆ ಹೋಗುವ ಸುಖ ಇದರಲ್ಲಿ ಇಲ್ಲ. ಅದಿಲ್ಲದಿದ್ದರೂ ನಾನು ಮ್ಯಾನುಯಲ್ ಜಿಮ್ನಿಯನ್ನೇ ತಗೊಳ್ಳುತ್ತಿದ್ದೇನೆ. ಮೊದಲ ಖರ್ಚು ಆಲ್ ಟೆರೇನ್ ಟೈರಿಗೆ. ಬಟ್ಟೆ ಹುಡ್ ಬೇಕೆನಿಸಿದ ಭಾನುವಾರ ಜಿಪ್ಸಿ ಕೀ ಕೊಡುತ್ತೇನೆ ಎಂದು ಕಾಕಾ ಒಪ್ಪಿದ್ದಾರೆ.